ಬಿಳಿ ಕಾರು, ಐವತ್ತು ಸಾವಿರ

ಬೆಳ್ಳಂಬೆಳಿಗ್ಗೆ ಊರಿನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ. ಊರು ಬಿಟ್ಟು ದುಡಿಯೋಕೆ ಬಂದ ಎಲ್ಲರಿಗೂ ಇದು ಗೊತ್ತಿರೋದೇ. 2024ರ ಆಗಸ್ಟ್‌ನಲ್ಲಿ ಒಂದು ದಿನ ನನಗೂ ಅಂಥ ಫೋನ್ ಬಂತು. "ಅಣ್ಣಾ, ನಿಮ್ಮಪ್ಪಂಗೆ ಯಾವನೋ ಕಾರಲ್ಲಿ ಗುದ್ಬಿಟ್ಟು ಹೋಗವ್ನೆ. ಜೀವಕ್ಕೇನೂ ತೊಂದ್ರೆ ಇಲ್ಲ, ಬೇಗ ಬಾ."

ನಮ್ಮೂರು ತುಮಕೂರು ದಾಟಿದ ಮೇಲೆ, ಹೈವೇ ಪಕ್ಕ. ಅಪ್ಪ ಡೇರಿಗೆ ಹಾಲು ಹಾಕಿ ಟಿವಿಎಸ್‌ನಲ್ಲಿ ವಾಪಸ್ ಬರ್ತಿದ್ದ. ಸರ್ವಿಸ್ ರೋಡಿನಲ್ಲಿ ಹಿಂದಿನಿಂದ ಬಂದ ಬಿಳಿ ಕಾರೊಂದು ಗುದ್ದಿತು. ಅಪ್ಪ ಚರಂಡಿ ಪಕ್ಕ ಬಿದ್ದ, ಬಲಗಾಲಿನ ತೊಡೆ ಮೂಳೆ ಮುರಿದಿತ್ತು. ಟೊಮೆಟೊ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ ಗೂಡ್ಸ್ ಆಟೋ ಹುಡುಗ ಕ್ರೇಟುಗಳನ್ನು ಒತ್ತರಿಸಿ, ಅಪ್ಪನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಬಂದಿದ್ದ.

ನೋಡೋಕೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ನಂಬರ್ ನೋಡ್ಲಿಲ್ವಾ?" ನಾನೂ ಕೇಳಿದೆ, ಸ್ವಲ್ಪ ಸಿಟ್ಟಿನಲ್ಲೇ. ಅಪ್ಪ ಹೇಳಿದ್ದು ಇಷ್ಟು: "ಸ್ವಲ್ಪ ಮುಂದೆ ಹೋಗಿ ಕಾರು ನಿಂತ್ಕೊಂತು ಕಣೋ. ಬ್ರೇಕ್ ಲೈಟು ಕಾಣ್ತಿತ್ತು. ಇಳಿದು ಬತ್ತಾನೆ ಅಂದ್ಕೊಂಡೆ. ಬರೋನ ನಂಬರ್ ಯಾಕೆ ನೋಡ್ಲಿ?"

ಅವನು ಇಳಿಯಲಿಲ್ಲ.

ಆಪರೇಷನ್ ಆಯ್ತು, ತೊಡೆಗೆ ರಾಡ್ ಹಾಕಿದರು. ಬಿಲ್ಲು ಎರಡು ಲಕ್ಷ ಅರವತ್ತು ಸಾವಿರ. ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಅಪ್ಪ-ಅಮ್ಮನನ್ನು ಸೇರಿಸೋ ಅವಕಾಶ ಇತ್ತು. ಏಪ್ರಿಲ್‌ನಲ್ಲಿ ಎಚ್‌ಆರ್ ಕಳಿಸಿದ ಫಾರ್ಮ್‌ನಲ್ಲಿ ಆ ಬಾಕ್ಸ್ ಟಿಕ್ ಮಾಡದೆ ಬಿಟ್ಟಿದ್ದೆ. ಸಂಬಳದಲ್ಲಿ ಪ್ರೀಮಿಯಂ ಜಾಸ್ತಿ ಕಟ್ ಆಗುತ್ತೆ, ಅಪ್ಪ ಗಟ್ಟಿಯಾಗಿದ್ದಾನೆ, ಮುಂದಿನ ವರ್ಷ ನೋಡಿದರಾಯ್ತು ಅಂತ. ಬಿಲ್ ಕೌಂಟರ್ ಮುಂದೆ ನಿಂತು ಪರ್ಸನಲ್ ಲೋನ್ ಆ್ಯಪ್ ತೆರೆದಾಗ ಆ ಖಾಲಿ ಬಾಕ್ಸೇ ಕಣ್ಮುಂದೆ ಬರ್ತಿತ್ತು.

ಆಸ್ಪತ್ರೆಯವರು ಎಂಎಲ್‌ಸಿ ಮಾಡಿ ಸ್ಟೇಷನ್ನಿಗೆ ತಿಳಿಸಿದ್ದರು. ಎಫ್‌ಐಆರ್ ಆಯ್ತು, ಸ್ಥಳ ಮಹಜರು ಆಯ್ತು. ಸಿಕ್ಕಿದ್ದು ಒಂದು ಚೂರು ಇಂಡಿಕೇಟರ್ ಗಾಜು. ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ಒಂದಾದ ಮೇಲೊಂದು ಬಿಳಿ ಕಾರು. "ಈಗ ಎಲ್ರೂ ಬಿಳೀದೇ ತಗೊಳ್ಳೋದು ಸಾರ್," ಅಂದರು ಪೊಲೀಸಪ್ಪ. ನನ್ನ ಕಾರೂ ಬಿಳೀದೇ. ಸುಮ್ಮನಾದೆ.

ಎರಡು ವಾರ ಕಳೆದ ಮೇಲೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಬ್ಬ ಬಂದು ಪಕ್ಕ ಕೂತ. ಬಿಳಿ ಶರ್ಟು, ಕೈಯಲ್ಲಿ ಫೈಲು, ತುಂಬಾ ಮರ್ಯಾದೆಯ ಮಾತು. "ಸಾರ್, ಗಾಡಿ ಸಿಗದೇ ಇದ್ರೆ ಕೋರ್ಟಲ್ಲಿ ಯಾರ ಮೇಲೆ ಕ್ಲೇಮ್ ಹಾಕ್ತೀರ? ಒಂದು ಗಾಡಿ ನಾವು ಅಡ್ಜಸ್ಟ್ ಮಾಡ್ತೀವಿ. ಇನ್ಶೂರೆನ್ಸ್ ಚಾಲ್ತಿ ಇರೋದು. ಓನರ್ ಬಂದು ನಾನೇ ಗುದ್ದಿದ್ದು ಅಂತ ಒಪ್ಕೋತಾನೆ. ದುಡ್ಡು ಕೊಡೋದು ಕಂಪನಿ. ಏಳೆಂಟು ಲಕ್ಷಕ್ಕೆ ಮೋಸ ಇಲ್ಲ. ನಮ್ದು ಮೂವತ್ತು ಪರ್ಸೆಂಟ್."

ತಕ್ಷಣ ಎದ್ದು ಬಂದೆ ಅಂತ ಬರೆಯೋಕೆ ಆಸೆ. ಆದರೆ ಎದ್ದು ಬರಲಿಲ್ಲ. ಅವನ ನಂಬರ್ ಸೇವ್ ಮಾಡಿಕೊಂಡೆ. ಕಾನೂನಿನ ಪ್ರಕಾರ ಅವನು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಗುದ್ದಿದ ಗಾಡಿ ಸಿಕ್ಕಿದರೆ ಮೋಟಾರು ಅಪಘಾತ ಕ್ಲೇಮುಗಳ ನ್ಯಾಯಮಂಡಳಿಯಲ್ಲಿ ಚಿಕಿತ್ಸೆಯ ಖರ್ಚು, ಹೋದ ದುಡಿಮೆ, ಅನುಭವಿಸಿದ ನೋವು ಎಲ್ಲಕ್ಕೂ ಲೆಕ್ಕ ಹಾಕಿ ಪರಿಹಾರ ಕೊಡ್ತಾರೆ. ಗಾಡಿ ಸಿಗದಿದ್ದರೆ ಆ ಬಾಗಿಲೇ ಇಲ್ಲ. ಅಪ್ಪನ ಕಾಲು ಮುರಿದಿದ್ದು ಸುಳ್ಳಲ್ಲ, ಬಿಲ್ಲೂ ಸುಳ್ಳಲ್ಲ. ಒಂದು ನಂಬರ್ ಪ್ಲೇಟ್ ಮಾತ್ರ ಸುಳ್ಳು. ರಾತ್ರಿಯೆಲ್ಲ ನನಗೆ ನಾನೇ ಹೀಗೆ ವಾದ ಮಾಡಿಕೊಂಡೆ.

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಬೈತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ಸ್ವಲ್ಪ ಹೊತ್ತು ಫ್ಯಾನ್ ನೋಡ್ತಾ ಇದ್ದು ಕೇಳಿದ: "ಇನ್ನೊಬ್ಬ ನಾನೇ ಗುದ್ದಿದ್ದು ಅಂತ ಬರ್ಕೊಟ್ರೆ, ಗುದ್ದಿದ್ದವನನ್ನ ಆಮೇಲೆ ಪೊಲೀಸ್ನೋರು ಹುಡುಕ್ತಾರಾ?"

"ಇಲ್ಲ. ಕೇಸ್ ಅಲ್ಲಿಗೆ ಮುಗೀತು."

"ಹಂಗಾದ್ರೆ ಅವನನ್ನ ನಾವೇ ಬಿಟ್ಟಂಗಾಯ್ತಲ್ಲೋ."

ಆ ನಂಬರ್ ಡಿಲೀಟ್ ಮಾಡಿದೆ.

ಹಾಗಾದರೆ ಗಾಡಿ ಸಿಗದವರಿಗೆ ಏನೂ ಇಲ್ವಾ? ಇದೆ. ಮೋಟಾರು ವಾಹನ ಕಾಯ್ದೆಯ 161ನೇ ಸೆಕ್ಷನ್ ಇರೋದೇ ಇದಕ್ಕೆ. ಹಿಂದೆ ಸತ್ತರೆ 25,000, ತೀವ್ರ ಗಾಯವಾದರೆ 12,500 ರೂಪಾಯಿ ಕೊಡ್ತಿದ್ದರು. 2022ರ ಏಪ್ರಿಲ್ 1ರಿಂದ ಹೊಸ ಸ್ಕೀಮ್ ಬಂದು ಅದು 2 ಲಕ್ಷ ಮತ್ತು 50,000 ಆಗಿದೆ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯವೇ. ಅರ್ಜಿ ಹಾಕಬೇಕಾದ್ದು ಕೋರ್ಟಿಗಲ್ಲ, ಕಂದಾಯ ಇಲಾಖೆಗೆ. ತಹಶೀಲ್ದಾರ್ ಮಟ್ಟದ ಅಧಿಕಾರಿ ವಿಚಾರಣೆ ಮಾಡಿ ಒಂದು ತಿಂಗಳಲ್ಲಿ ವರದಿ ಕೊಡಬೇಕು, ಜಿಲ್ಲಾಧಿಕಾರಿ ಹದಿನೈದು ದಿನದಲ್ಲಿ ಮಂಜೂರು ಮಾಡಬೇಕು, ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ಇನ್ನು ಹದಿನೈದು ದಿನದಲ್ಲಿ ಖಾತೆಗೆ ಹಾಕಬೇಕು. ವಕೀಲರೂ ಬೇಡ, ಪರ್ಸೆಂಟೂ ಬೇಡ.

ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಹೇಳಲೇಬೇಕು ಅಂತ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲೇ ಆದೇಶ ಮಾಡಿದೆ. ಒಂದು ತಿಂಗಳಾದರೂ ಗಾಡಿ ಪತ್ತೆಯಾಗದಿದ್ದರೆ, ಇಂಥ ಪರಿಹಾರ ಇದೆ ಅಂತ ಗಾಯಾಳುವಿಗೆ ಸ್ಟೇಷನ್ನಿನವರು ಬರಹದಲ್ಲಿ ತಿಳಿಸಬೇಕು. ನಮಗೆ ಯಾವ ಕಾಗದವೂ ಬಂದಿರಲಿಲ್ಲ. ಆದೇಶದ ಪ್ರಿಂಟೌಟ್ ತಗೊಂಡು ಸ್ಟೇಷನ್ನಿಗೆ ಹೋದೆ. ಅಲ್ಲಿನ ರೈಟರ್ ಪೂರ್ತಿ ಓದಿ, "ಒಳ್ಳೇದಾಯ್ತು ಸಾರ್, ಇದ್ರದ್ದೊಂದು ಕಾಪಿ ನಮಗೂ ಬಿಟ್ಟು ಹೋಗಿ," ಅಂದರು.

ನವೆಂಬರ್‌ನಲ್ಲಿ ತಾಲ್ಲೂಕು ಆಫೀಸಿಗೆ ಹೋದೆ. ಗುಮಾಸ್ತರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ, "ಇದು ಸಿಡಿಲು ಬಡಿದಿದ್ದಕ್ಕಾ?" ಅಂದರು. ಕಾರು ಬಡಿದಿದ್ದಕ್ಕೆ ಅಂದೆ. "ಅದಕ್ಕೆ ಕೋರ್ಟಿಗೆ ಹೋಗಿ." ಮತ್ತೆ ಪ್ರಿಂಟೌಟ್. ನಮೂನೆ 1ರ ಅರ್ಜಿ, ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಆಸ್ಪತ್ರೆ ಬಿಲ್ಲು, ಆಧಾರ್, ಪಾಸ್‌ಬುಕ್, ಮುಂದೆ ಗಾಡಿ ಸಿಕ್ಕಿ ಬೇರೆ ಪರಿಹಾರ ಬಂದರೆ ಈ ಹಣ ವಾಪಸ್ ಕೊಡ್ತೀವಿ ಅಂತ ಮುಚ್ಚಳಿಕೆ, ಎಲ್ಲ ಕೊಟ್ಟೆ. ಒಮ್ಮೆ ಸಾಹೇಬರು ಚುನಾವಣಾ ಕೆಲಸದ ಮೇಲೆ, ಒಮ್ಮೆ ಮೀಟಿಂಗ್, ಒಮ್ಮೆ ಫೈಲ್ ಯಾವ ಟೇಬಲ್ಲಿನಲ್ಲಿದೆ ಅನ್ನೋದೇ ಗೊತ್ತಿಲ್ಲ. ಆರು ಸಲ ರಜೆ ಹಾಕಿದೆ. ಮ್ಯಾನೇಜರ್ ಒಂದು ದಿನ ನಗ್ತಾ ಕೇಳಿದ, "ಐವತ್ತು ಸಾವಿರಕ್ಕೆ ಇಷ್ಟೊಂದು ಓಡಾಟ ಬೇಕಾ?" ರಜೆ, ಡೀಸೆಲ್, ಟೋಲ್ ಲೆಕ್ಕ ಹಾಕಿದರೆ ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಬೇಕಾಗಿದ್ದಿದ್ದು ದುಡ್ಡಷ್ಟೇ ಅಲ್ಲ. ಆ ಬೆಳಿಗ್ಗೆ ಅಪ್ಪನಿಗೆ ಅನ್ಯಾಯ ಆಗಿದ್ದು ನಿಜ ಅಂತ ಯಾರಾದರೂ ಸೀಲ್ ಹಾಕಿ ಹೇಳಬೇಕಿತ್ತು.

ಎರಡು ತಿಂಗಳ ಕೆಲಸ ಎಂಟು ತಿಂಗಳಾಯ್ತು. 2025ರ ಜುಲೈನಲ್ಲಿ ಅಪ್ಪನ ಫೋನಿಗೆ ಮೆಸೇಜ್ ಬಂತು, 50,000 ಜಮೆ. ಅಷ್ಟರಲ್ಲಿ ಸ್ಟೇಷನ್ನಿನಲ್ಲಿ ಗಾಡಿ ಪತ್ತೆಯಾಗಿಲ್ಲ ಅಂತ ಸಿ ರಿಪೋರ್ಟ್ ಹಾಕಿದ್ದರು. ಅಪ್ಪ ಮೊದಲು ಮಾಡಿದ ಕೆಲಸ, ಗೂಡ್ಸ್ ಆಟೋ ಹುಡುಗನನ್ನು ಕರೆಸಿದ್ದು. ಅವತ್ತು ಅವನಿಗೆ ಮಾರ್ಕೆಟ್ ತಪ್ಪಿ ಟೊಮೆಟೊ ಅರ್ಧ ರೇಟಿಗೆ ಹೋಗಿತ್ತಂತೆ. ದುಡ್ಡು ಬೇಡವೇ ಬೇಡ ಅಂದ. "ನಿಲ್ಸಿದ್ದಕ್ಕೆ ನಿಂಗೆ ಲಾಸ್ ಆಗ್ಬಾರ್ದು," ಅಂತ ಅಪ್ಪ ಜೇಬಿಗೆ ತುರುಕಿದ. ಗಾಯಾಳುವಿಗೆ ಸಹಾಯ ಮಾಡಿದವರನ್ನು ಪೊಲೀಸರು, ಆಸ್ಪತ್ರೆಯವರು ಸತಾಯಿಸಬಾರದು ಅಂತ ಅದೇ ಕಾಯ್ದೆಯಲ್ಲಿ 134ಎ ಅಂತ ಸೆಕ್ಷನ್ ಇದೆ. ಆ ಹುಡುಗನಿಗೆ ಅದೇನೂ ಗೊತ್ತಿರಲಿಲ್ಲ. ಸುಮ್ಮನೆ ನಿಲ್ಲಿಸಿದ್ದ.

ನಿಮ್ಮ ಮನೆಯಲ್ಲಿ ಇಂಥದ್ದು ಆಗದಿರಲಿ. ಆದರೆ, ಮೊದಲು ಎಂಎಲ್‌ಸಿ ಆಗಿದೆಯಾ ನೋಡಿ, ಎಫ್‌ಐಆರ್ ಕಾಪಿ ಇಟ್ಟುಕೊಳ್ಳಿ, ಒಂದೊಂದು ಬಿಲ್ಲನ್ನೂ ಎತ್ತಿಡಿ, 161ನೇ ಸೆಕ್ಷನ್ ನೆನಪಿರಲಿ. ಮತ್ತೆ ಎಚ್‌ಆರ್ ಕಳಿಸೋ ಫಾರ್ಮ್‌ನಲ್ಲಿ ಆ ಬಾಕ್ಸ್ ಟಿಕ್ ಮಾಡಿ. ನಾನು ಈ ವರ್ಷ ಮಾಡಿದೆ.

ಕಳೆದ ತಿಂಗಳು ಅಪ್ಪನನ್ನು ಚೆಕಪ್ಪಿಗೆ ಕರೆದುಕೊಂಡು ಹೋಗ್ತಿದ್ದೆ. ಸರ್ವಿಸ್ ರೋಡಿನ ಆ ಜಾಗ ಬಂದಾಗ ಅಪ್ಪ, "ಇಲ್ಲೇ," ಅಂದ. ನನ್ನ ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು, ಕಾರು ನಿಂತಿತು. ಅಪ್ಪ ಕಿಟಕಿಯಿಂದ ಆಚೆ ಒಂದು ಸಲ ನೋಡಿ ಹೇಳಿದ: "ಸರಿ, ನಡಿ. ಹಿಂದೆ ಲಾರಿ ಬತ್ತೈತೆ."