ಕಲ್ಲು ಹೇಳದ ಮಾತು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ವೀರಗಲ್ಲುಗಳನ್ನು ನೋಡಿದವರು ಅನೇಕರು, ಓದಿದವರು ವಿರಳ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ರೈಸ್ ಸಾಹೇಬರು ಈ ಜಿಲ್ಲೆಯ ಶಾಸನಸಂಪುಟವನ್ನು 1902ರಲ್ಲಿ ಪ್ರಕಟಿಸಿದರು. ವೀರಗಲ್ಲಿನ ಬರಹಗಳಲ್ಲಿ, ತುರುಗಳನ್ನು ಮರಳಿಸಿ ಮಡಿದನೆಂಬ ಮಾತಿನ ಬೆನ್ನಿಗೆ, ಕಲ್ಲು ನಿಲ್ಲಿಸಿದವನು ಮಗನೋ ತಮ್ಮನೋ ಎಂಬುದೂ ಹಲವೆಡೆ ಉಂಟು. ವೀರನೆನಿಸುವ ಮುನ್ನ ಅವನು ಯಾರಿಗೋ ಅಣ್ಣನಾಗಿದ್ದನು.

ಈ ನೆಲದ ಮಕ್ಕಳು ಸೈನ್ಯಕ್ಕೆ ಸೇರುವುದು ಇಂದಿಗೂ ನಿಂತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣ್ಯದ ಮೇಲೆ ಹಿಮರಾಶಿ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಸಿಲುಕಿದರು. ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಒಬ್ಬರೇ 8ರಂದು ಜೀವಂತ ದೊರೆತರು. ನಾಡೆಲ್ಲ ಹರಕೆ ಹೊತ್ತರೂ 11ರಂದು ಅವರೂ ಅಗಲಿದರು. ಮಡಿದವರಲ್ಲಿ ಹಾಸನ ತಾಲ್ಲೂಕು ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ಅಂದು ಎದುರಾದುದು ಹಿಮ. ಕಲ್ಲಿನಲ್ಲಿ ಕೆತ್ತುವುದಕ್ಕೆ ಕಾಳಗವೇ ಇರಲಿಲ್ಲ.

ಸರ್ಕಾರದ ಪತ್ರ ಹೆಸರು, ಹುದ್ದೆ, ದಿನಾಂಕಗಳನ್ನು ತಿಳಿಸುತ್ತದೆ. ರಜೆಗೆ ಬಂದವನು ಹಿತ್ತಲಲ್ಲಿ ನೆಟ್ಟ ತೆಂಗಿನ ಸಸಿ, ಅಕ್ಕಿರೊಟ್ಟಿಯೊಡನೆ ಬೇಡುತ್ತಿದ್ದ ಹುಚ್ಚೆಳ್ಳಿನ ಚಟ್ನಿ—ಇಂಥವು ಯೋಧನೊಬ್ಬನ ಮನೆಯವರಿಗಷ್ಟೇ ಗೊತ್ತು. ಬಂದವರೆಲ್ಲ ‘ವೀರಮಾತೆ, ನೀನೇ ಧನ್ಯಳು’ ಎಂದು ಕೈಮುಗಿಯುವಾಗ, ತಾಯಿ ಚಟ್ನಿಯ ಮಾತನ್ನು ನುಂಗಿಕೊಳ್ಳುತ್ತಾಳೆ. ಇಷ್ಟು ದೊಡ್ಡ ಸಾವಿನ ಮುಂದೆ ಅಷ್ಟು ಸಣ್ಣ ಸಂಗತಿಯನ್ನು ಆಡುವುದು ಹೇಗೆಂದು ಅವಳಿಗೆ ಸಂಕೋಚ. ಆದರೆ ಅವಳ ಮಗನು ಬದುಕಿದ್ದುದು ಆ ಸಣ್ಣ ಸಂಗತಿಗಳಲ್ಲಿಯೇ. ಸಾಂತ್ವನಕ್ಕೆ ಹೋದವರು ಹೊಗಳಿಕೆಯನ್ನು ಕೊಂಚ ತಡೆದು, ಪಕ್ಕದಲ್ಲಿ ಕುಳಿತು, ‘ಅವನಿಗೆ ಏನು ಇಷ್ಟವಿತ್ತಮ್ಮ?’ ಎಂದು ಕೇಳಿದರೆ ಸಾಕು.