ನರ್ಸಮ್ಮನ ನೋಟ್‌ಬುಕ್ಕು

ಚಂದ್ರಬಂಡದಲ್ಲಿ ನಮ್ಮ ಅಜ್ಜಿಗೆ ಹೆಸರು ಅಂತ ಒಂದಿತ್ತು ಅನ್ನೋದೇ ತುಂಬಾ ಜನಕ್ಕೆ ಗೊತ್ತಿರಲಿಲ್ಲ. ಎಲ್ಲರಿಗೂ ಆಕೆ ನರ್ಸಮ್ಮ. ನಮ್ಮದು ನರ್ಸಮ್ಮನ ಮನೆ, ನಾನು ನರ್ಸಮ್ಮನ ಮೊಮ್ಮಗಳು. 1979ರಲ್ಲಿ ಎಎನ್‌ಎಂ ಆಗಿ ಸೇರಿದಾಕೆ ಮೂವತ್ತೆಂಟು ವರ್ಷ ಸುತ್ತಲಿನ ಹಳ್ಳಿಗಳನ್ನ ನಡೆದೇ ಸುತ್ತಿದಳು. ಸೈಕಲ್ ಕಲಿಯಲೇ ಇಲ್ಲ, ಸೀರೆ ಸಿಕ್ಕಿಹಾಕ್ಕೊಳ್ತದೆ ಅಂತ. ಹೋದ ವರ್ಷ ಅವಳು ತೀರಿಕೊಂಡಾಗ ಮಣ್ಣಿಗೆ ಬಂದವರಲ್ಲಿ ಎಷ್ಟೋ ಜನ ಅವಳ ಕೈಯಲ್ಲೇ ಹುಟ್ಟಿದವರು.

ಆದರೆ ಅವಳ ಕೆಲಸ ಬರೀ ಹೆರಿಗೆಯದಲ್ಲ. ಅವಳು ಹೇಳ್ತಿದ್ದ ಕಥೆಗಳಲ್ಲಿ ನನಗೆ ಮೈ ಜುಮ್ ಅನ್ನಿಸುತ್ತಿದ್ದದ್ದು ನಾರುಹುಣ್ಣಿನ ಕಥೆ. ನಮ್ಮ ವಯಸ್ಸಿನವರು ಆ ಹೆಸರೂ ಕೇಳಿರಲ್ಲ. ನಮ್ಮ ಜಿಲ್ಲೆಯ ಜನ ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಕಾಲ ಅದು. ನೀರಿನಲ್ಲಿರೋ ಸೈಕ್ಲಾಪ್ಸ್ ಅನ್ನೋ ಸಣ್ಣ ಜೀವಿಯ ಜೊತೆ ಹುಳದ ಮರಿ ಹೊಟ್ಟೆಗೆ ಹೋಗುತ್ತೆ. ಸುಮಾರು ಒಂದು ವರ್ಷ ಆದಮೇಲೆ ಕಾಲಲ್ಲಿ ಬೊಬ್ಬೆ ಎದ್ದು, ದಾರದಂಥ ಹುಳ ಹೊರಗೆ ಬರುತ್ತೆ. ಎರಡು ಮೂರಡಿ ಉದ್ದ. ಜೋರಾಗಿ ಎಳೆದರೆ ಹರಿದು ಒಳಗೇ ಉಳಿದು ಕೀವಾಗುತ್ತೆ. ಅದಕ್ಕೆ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೀಬೇಕು. ಉರಿ ತಡೆಯಲಾರದೆ ಮನುಷ್ಯ ಕಾಲನ್ನ ಅದೇ ಬಾವಿ ನೀರಲ್ಲಿ ಇಡ್ತಾನೆ, ಹುಳ ಅಲ್ಲೇ ಮರಿ ಬಿಡುತ್ತೆ. ಎಂಥಾ ಡಿಸೈನ್ ನೋಡಿ!

ಇದಕ್ಕೆ ಲಸಿಕೆ ಇಲ್ಲ, ಹುಳ ಸಾಯಿಸೋ ಮಾತ್ರೆಯೂ ಇಲ್ಲ. ನೀರನ್ನ ಬಟ್ಟೆಯಲ್ಲಿ ಸೋಸಿ ಕುಡೀರಿ, ಹುಣ್ಣಿದ್ದವರು ಬಾವಿಗೆ ಇಳೀಬೇಡಿ. ಬಾವಿಗೆ ಔಷಧಿ ಹಾಕೋದು ಬಿಟ್ಟರೆ ಈ ಮಾತೇ ಚಿಕಿತ್ಸೆ. ಇದನ್ನೇ ಮನೆಮನೆಗೆ ಹೋಗಿ ಹೇಳಿ ಹೇಳಿ ಅಜ್ಜಿಯ ಗಂಟಲು ಹೋಗ್ತಿತ್ತಂತೆ. ದೇಶದ ಕೊನೆಯ ಕೇಸು 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕಿತು, 2000ದಲ್ಲಿ ಭಾರತ ಮುಕ್ತ ಅಂತ ಘೋಷಣೆಯಾಯ್ತು. ಇಂಗ್ಲಿಷಿನಲ್ಲಿ ಇದಕ್ಕೆ ಗಿನಿ ವರ್ಮ್ ಅಂತಾರೆ, ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಯ ಹೆಸರು ಅದು. ಆಮೇಲೆ ಘಾನಾ, ನೈಜೀರಿಯಾದವರೂ ಹಿಂಗೇ ನೀರು ಸೋಸಿ ಸೋಸಿ ಹುಳ ಓಡಿಸಿದರು. ಅಲ್ಲಿಯೂ ಊರೂರು ತಿರುಗಿ ಗಂಟಲು ಕಳ್ಕೊಂಡ ನರ್ಸಮ್ಮಂದಿರು ಇದ್ದೇ ಇರ್ತಾರೆ.

ಮತ್ತೆ ಲಸಿಕೆ ಡಬ್ಬಿ. ರಾಯಚೂರಿನ ಮೇ ತಿಂಗಳ ಬಿಸಿಲು ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಆ ಬಿಸಿಲಲ್ಲಿ ನಾಲ್ಕು ಐಸ್ ಪ್ಯಾಕ್ ಇಟ್ಟ ಡಬ್ಬಿಯನ್ನ 2ರಿಂದ 8 ಡಿಗ್ರಿ ಒಳಗೆ ಇಟ್ಕೊಂಡು ಹಳ್ಳಿ ಮುಟ್ಟಬೇಕು. ನಮಗೆ ಹೀಟ್ ಟ್ರಾನ್ಸ್‌ಫರ್ ಪಾಠ ಆಗುವಾಗ ನನ್ನ ಕಣ್ಣ ಮುಂದೆ ಬರೋದು ಅಜ್ಜಿ ಸೆರಗಿನಿಂದ ಮುಚ್ಚಿಕೊಂಡು ಹೋಗ್ತಿದ್ದ ಆ ಡಬ್ಬಿಯೇ.

2018ರಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ಟಿವಿ ಮುಂದಿಂದ ಏಳಲೇ ಇಲ್ಲ ಅಜ್ಜಿ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದು ಪೈಸೆ ಮುಟ್ಟದೆ. "ಆಕಿ ಪುಣ್ಯಕ್ಕ ಮಾಡಿದಾಕಿ, ನಾ ಪಗಾರಕ್ಕ ಮಾಡಿದಾಕಿ" ಅಂದಳು. ನನಗೆ ಆ ಮಾತು ಒಪ್ಪಿಗೆ ಆಗಲಿಲ್ಲ. ಆ ಪಗಾರದಲ್ಲೇ ಹನ್ನೊಂದು ಜನ ಉಂಡಿದ್ದಾರೆ. 1982ರಲ್ಲಿ ಅಜ್ಜ ಹೋದಮೇಲೆ ಅಜ್ಜನ ಅಣ್ಣನ ಸಂಸಾರವೂ ಸೇರಿ ಇಡೀ ಮನೆ ನಿಂತದ್ದು ಅದರ ಮೇಲೆ.

ಪಗಾರ ಅವಳದು, ಮಾತು ಮಾತ್ರ ದೊಡ್ಡಜ್ಜಂದು. 1989ರಲ್ಲಿ ಅಜ್ಜಿ ಟ್ರೈನಿಂಗ್ ಅಂತ ಒಂದು ವಾರ ಊರಲ್ಲಿ ಇಲ್ಲದಾಗ ದೊಡ್ಡಮ್ಮನ ಮದುವೆ ನಿಶ್ಚಯ ಮಾಡಿಬಿಟ್ಟರು. ದೊಡ್ಡಮ್ಮನಿಗೆ ಹದಿನೈದು. ಹೆಣ್ಣಿಗೆ ಹದಿನೆಂಟು ಆಗಬೇಕು ಅನ್ನೋ ಕಾನೂನು 1978ರಿಂದಲೇ ಇದೆ. ಅದನ್ನ ಊರಿಗೆಲ್ಲ ಹೇಳ್ತಿದ್ದಾಕೆ ತನ್ನ ಮನೆಯಲ್ಲಿ ಹೇಳಿದಾಗ, ಅಕ್ಕಿ ಬಿದ್ದಮೇಲೆ ಎಂಥಾ ಕಾನೂನು ಅಂದರಂತೆ.

ಈ ಸಂಗತಿ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಮಾತಾಡಿದ್ದಿಲ್ಲ. ಅವಳ ಟ್ರಂಕಿನಲ್ಲಿ ಸಿಕ್ಕ ನೋಟ್‌ಬುಕ್ಕಿನಿಂದ ಹೊರಗೆ ಬಂತು. ಆಸ್ಪತ್ರೆ ರಿಜಿಸ್ಟರ್ ಅಲ್ಲ, ಅವಳದೇ ಸ್ವಂತ ಬುಕ್ಕು. ಪ್ರತಿ ಬಸುರಿ ಹೆಸರು, ವಯಸ್ಸು, ಇಂಜೆಕ್ಷನ್, ಮಗುವಿನ ತೂಕ. ಆ ವರ್ಷಗಳ ಪುಟ ತೆಗೆದರೆ ಎಲ್ಲಾ ಹುಡುಗಿಯರ ವಯಸ್ಸು 18, 18, 18. ಮನೆಯವರು ಹೇಳಿದ್ದನ್ನ ಬರ್ಕೊಂಡಿದ್ದಾಳೆ. 1990ರ ಪುಟದಲ್ಲಿ ಒಂದು ಸಾಲು ಮಾತ್ರ ಬೇರೆ: ದೊಡ್ಡಮ್ಮನ ಹೆಸರು, ವಯಸ್ಸು 16, ಟಿಟಿ ಎರಡೂ ಆಗಿದೆ, ರಕ್ತ ಕಡಿಮೆ, ರಾಯಚೂರಿಗೆ ಕರೆದೊಯ್ಯುವುದು. ಅಲ್ಲಿಂದ ಮುಂದೆ ಪುಟಗಳಲ್ಲಿ 16, 17, 15 ಅಂತ ಬರೋಕೆ ಶುರು. ಕೆಲವು ಕಡೆ ಎರಡು ವಯಸ್ಸು, ಹೇಳಿದ್ದೊಂದು, ಅವಳು ನೋಡಿ ತಿಳಿದಿದ್ದೊಂದು.

ಹೆರಿಗೆಗೆ ಟ್ರ್ಯಾಕ್ಟರ್‌ನಲ್ಲಿ ರಾಯಚೂರಿಗೆ ಒಯ್ದರು. ದೊಡ್ಡಮ್ಮನೂ ಉಳಿದಳು, ಮಗುವೂ ಉಳೀತು. ಊರಿನ ಹೆರಿಗೆಯೆಲ್ಲ ಮಾಡಿದಾಕೆ ಅವತ್ತು ಹೊರಗೆ ವರಾಂಡದಲ್ಲಿ ಕೂತಿದ್ದಳಂತೆ.

ನಮ್ಮ ಅಮ್ಮನ ಸರದಿ ಬರೋ ಹೊತ್ತಿಗೆ ಅಜ್ಜಿ ಬದಲಾಗಿದ್ದಳು. ಅಮ್ಮನನ್ನ ಏಳನೇ ಕ್ಲಾಸಿಗೇ ರಾಯಚೂರಿನ ಹಾಸ್ಟೆಲ್‌ಗೆ ಹಾಕಿದಳು. ದೊಡ್ಡಜ್ಜ ಜಗಳಕ್ಕೆ ಬಂದಾಗ ಆ ತಿಂಗಳ ಪಗಾರ ಮನೆಗೆ ಕೊಡಲೇ ಇಲ್ಲ. ಇಪ್ಪತ್ತು ದಿನದಲ್ಲಿ ಜಗಳ ಮುಗೀತಂತೆ. ಇದನ್ನ ಅಮ್ಮ ನಗ್ತಾ ಹೇಳ್ತಾಳೆ. ದೊಡ್ಡಮ್ಮ ಪಕ್ಕದಲ್ಲೇ ಕೂತಿರ್ತಾಳೆ, ನಗಲ್ಲ.

ನೋಟ್‌ಬುಕ್ಕು ಈಗ ದೊಡ್ಡಮ್ಮನ ಹತ್ತಿರಾನೇ ಇದೆ. ಆಕೆಗೆ ಅಜ್ಜಿಯ ಕೂಡಕ್ಷರ ಓದೋಕೆ ಬರಲ್ಲ. ನಾನು ರಜೆಗೆ ಹೋದಾಗೆಲ್ಲ ರಾತ್ರಿ ಊಟ ಆದಮೇಲೆ "ಓದವ್ವಾ" ಅಂತ ತಂದಿಡ್ತಾಳೆ. ಪ್ರತಿ ಹೆಸರಿಗೂ ನಿಲ್ಲಿಸಿ, ಆಕೆ ಈಗ ಎಲ್ಲಿದ್ದಾಳೆ, ಎಷ್ಟು ಮಕ್ಕಳು ಅಂತ ಹೇಳ್ತಾಳೆ. ದೀಪಾವಳಿಗೆ 1994ರವರೆಗೆ ಬಂದಿದ್ವಿ.