ಎಸ್.ಪಿ. ರಸ್ತೆಯ ಕಂಪ್ಯೂಟರ್ ಪೇಟೆಯಲ್ಲಿ

ಓದುಗರೇ, ಬೆಂಗಳೂರಿಗೆ ಹೋದಾಗ ನೀವು ಲಾಲ್‌ಬಾಗ್ ನೋಡಿರುತ್ತೀರಿ, ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಯನ್ನೂ ನೋಡಿರುತ್ತೀರಿ. ಮನೆಯಲ್ಲಿ ಕಂಪ್ಯೂಟರ್ ಇರುವವರು ನೋಡಬೇಕಾದ ಇನ್ನೊಂದು ಜಾಗವಿದೆ. ಅದೇ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಪುರಭವನದ ಬಳಿ ಬಸ್ಸಿಳಿದರೆ ಅಥವಾ ಕೆ.ಆರ್. ಮಾರುಕಟ್ಟೆಯ ಮೆಟ್ರೊ ನಿಲ್ದಾಣದಿಂದ ಹೊರಬಂದರೆ ನಡೆದೇ ಹೋಗಬಹುದು. ಭಾನುವಾರ ಮಾತ್ರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಹಳೆಯ ಊರಿಗೆ ಹೊಂದಿಕೊಂಡ ಬೀದಿಯಿದು. ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ ಎಂಬಂತೆ ಸರಕಿಗೊಂದು ಪೇಟೆ ಇಲ್ಲಿನ ಹಳೆಯ ಪದ್ಧತಿ. ಆ ಲೆಕ್ಕದಲ್ಲಿ ಇದನ್ನು ಕಂಪ್ಯೂಟರ್ ಪೇಟೆ ಎನ್ನಬಹುದು. ಇಕ್ಕಟ್ಟಾದ ರಸ್ತೆ, ತೋರಣದಂತೆ ತೂಗುವ ವೈರುಗಳು, ಪೆಟ್ಟಿಗೆ ಹೊತ್ತ ಕೂಲಿಗಳು. ಒಂದೇ ಕೌಂಟರಿನಲ್ಲಿ ಕನ್ನಡ, ದಖ್ಖನಿ ಉರ್ದು, ತಮಿಳು, ಹಿಂದಿ ಕೇಳಿಬರುತ್ತವೆ. ಕೆಳಗೆ ಹೊಸ ಸಾಮಾನಿನ ಅಂಗಡಿ, ಕಿರಿದಾದ ಮೆಟ್ಟಿಲು ಹತ್ತಿದರೆ ರಿಪೇರಿಯವರ ಕೋಣೆ.

ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಒಂದು ಗ್ರಾಫಿಕ್ಸ್ ಕಾರ್ಡ್. ಗೇಮ್‌ನ ದೃಶ್ಯಗಳನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಪರದೆಗೆ ಕಳಿಸುವ ಭಾಗವದು. ಮಗನ ಕಂಪ್ಯೂಟರಿನಲ್ಲಿದ್ದದ್ದು 2016ರಲ್ಲಿ ಮಾರುಕಟ್ಟೆಗೆ ಬಂದ ಜಿಟಿಎಕ್ಸ್ 1050 ಟಿಐ. ಮೊದಲು ಪರದೆಯಲ್ಲಿ ಬಣ್ಣದ ಗೆರೆಗಳು ಮೂಡಿದವು, ಆಮೇಲೆ ಪೂರ್ತಿ ಕತ್ತಲೆ.

ಇಂಥದ್ದು ನಿಮ್ಮ ಮನೆಯಲ್ಲಾದರೆ ಕೂಡಲೇ ಹೊಸ ಕಂಪ್ಯೂಟರ್ ಕೊಳ್ಳಬೇಡಿ. ದುಂದುವೆಚ್ಚ ನಮ್ಮ ದೀನ್ ಮೆಚ್ಚುವ ಕೆಲಸವಲ್ಲ. ಕರೆಂಟಿನ ಪ್ಲಗ್ ತೆಗೆದು, ಕಾರ್ಡನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೃದುವಾಗಿ ಉಜ್ಜಿ ಮತ್ತೆ ಕೂರಿಸಿ. ಆಗದಿದ್ದರೆ ಕಾರ್ಡನ್ನು ತೆಗೆದಿಟ್ಟು, ಮಾನಿಟರ್ ವೈರನ್ನು ಮದರ್‌ಬೋರ್ಡಿಗೇ ಸಿಕ್ಕಿಸಿ ನೋಡಿ. ಚಿತ್ರ ಬಂದರೆ ತೊಂದರೆ ಕಾರ್ಡಿನದೇ ಇರಬೇಕು. ಆದರೆ ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಈ ಪರೀಕ್ಷೆ ನಡೆಯದು, ಅವುಗಳಲ್ಲಿ ಚಿತ್ರ ಮೂಡಿಸುವ ಭಾಗವೇ ಇರುವುದಿಲ್ಲ.

ಮೇಲ್ಮಹಡಿಯ ರಿಪೇರಿಯವರು ಕಾರ್ಡನ್ನು ಪರೀಕ್ಷಿಸಿ ಹೇಳಿದರು: "ಹಝ್ರತ್, ಫ್ಯಾನ್ ಸರಿಯಿದೆ, ಚಿಪ್ಪೇ ಹೋಗಿದೆ. ಬಿಸಿಗಾಳಿ ಕೊಟ್ಟರೆ ಎದ್ದರೂ ಏಳಬಹುದು. ಆದರೆ ತಿಂಗಳೊಳಗೆ ಮತ್ತೆ ನೀವೇ ನನ್ನನ್ನು ಹುಡುಕಿಕೊಂಡು ಬರುತ್ತೀರಿ. ಆ ದುಡ್ಡು ನನಗೆ ಬೇಡ."

ಮಗ ನನ್ನ ಕಿವಿಯಲ್ಲಿ ಪಿಸುಗುಟ್ಟಿದ, "ಅಬ್ಬಾ, ಬಿಸಿ ಕೊಡಿಸೋಣ. ಒಂದು ವಾರ ಓಡಿದರೂ ಸಾಕು, ಅಷ್ಟರಲ್ಲಿ ಯಾರಿಗಾದರೂ ಮಾರಿಬಿಡಬಹುದು."

ಅವನು ಕೆಟ್ಟ ಹುಡುಗನಲ್ಲ. ಹೊಸ ಕಾರ್ಡಿನ ಖರ್ಚು ನನ್ನ ಮೇಲೆ ಬೀಳಬಾರದೆಂಬುದೇ ಅವನ ಯೋಚನೆ. ನಾನು ಉತ್ತರಿಸಲಿಲ್ಲ. ಝುಹ್ರ್ ನಮಾಝಿಗೆ ಮಾರುಕಟ್ಟೆ ಬಳಿಯ ಜಾಮಿಯಾ ಮಸೀದಿಗೆ ಹೋದೆವು. ಹೊರಬರುವಾಗ ಸಹೀಹ್ ಮುಸ್ಲಿಮ್‌ನಲ್ಲಿರುವ ಆ ಘಟನೆಯನ್ನು ಅವನಿಗೆ ನೆನಪಿಸಿದೆ. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದ ವ್ಯಾಪಾರಿಗೆ, ಒದ್ದೆಯದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದೂ ತಿಳಿಸಿದರು. "ಬಿಸಿ ಕೊಟ್ಟ ಕಾರ್ಡೂ ಒದ್ದೆ ಧಾನ್ಯವೇ ಅಲ್ಲವೇನಪ್ಪ?" ಎಂದೆ. ಅವನು ತಲೆ ತಗ್ಗಿಸಿ ನಡೆದ.

ನಮಗೆ ಬೇಕಿದ್ದದ್ದು 2019ರ ಜಿಟಿಎಕ್ಸ್ 1660 ಸೂಪರ್, ಅದೂ ಸೆಕೆಂಡ್‌ಹ್ಯಾಂಡ್. ಇಲ್ಲೊಂದು ಎಚ್ಚರಿಕೆ. ಎಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ಹಗಲಿರುಳು ದುಡಿದ ಅನೇಕ ಕಾರ್ಡುಗಳು, 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿ ನಿಂತ ಮೇಲೆ ಹಳೆ ಸಾಮಾನಿನ ಪೇಟೆಗೆ ಬಂದವು. ಮೊದಲ ಅಂಗಡಿಯಲ್ಲಿ ಕಾರ್ಡಿನ ಪೂರ್ವಕಥೆ ಕೇಳಿದ್ದಕ್ಕೆ, "ಹೊಸದರ ಹಾಗೇ ಇದೆ, ತಗೊಳ್ಳಿ" ಎಂಬ ಉತ್ತರ ಬಂತು. ಹಚ್ಚಿ ತೋರಿಸಲು ಒಪ್ಪಲಿಲ್ಲ. ಎರಡನೆಯ ಅಂಗಡಿಯವರು ತಾವಾಗಿಯೇ ಹೇಳಿದರು: "ಇದು ಮೈನಿಂಗ್ ಮಾಡಿದ ಕಾರ್ಡು. ಫ್ಯಾನ್ ಬದಲಿಸಿದ್ದೇನೆ. ಅದಕ್ಕೇ ಬೆಲೆ ಕಡಿಮೆ." ಅರ್ಧ ಗಂಟೆ ಓಡಿಸಿ ತೋರಿಸಿ, ಒಂದು ತಿಂಗಳ ಭರವಸೆಯನ್ನು ಬಿಲ್ಲಿನಲ್ಲೇ ಬರೆದರು. ಅಲ್ಲೇ ಕೊಂಡೆವು.

ಕೊಳ್ಳುವ ಮುನ್ನ ಎಸ್‌ಎಂಪಿಎಸ್ ಅಂದರೆ ವಿದ್ಯುತ್ ಪೆಟ್ಟಿಗೆಯನ್ನೂ ನೋಡಿಕೊಳ್ಳಿ. 1050 ಟಿಐ 75 ವ್ಯಾಟ್‌ನಲ್ಲಿ ನಡೆಯುತ್ತಿತ್ತು. 1660 ಸೂಪರ್‌ಗೆ 125 ವ್ಯಾಟ್ ಬೇಕು, ಬೇರೆಯೇ ಎಂಟು ಪಿನ್ನಿನ ವೈರು ಬೇಕು, ಕನಿಷ್ಠ 450 ವ್ಯಾಟ್‌ನ ಒಳ್ಳೆಯ ಪೆಟ್ಟಿಗೆ ಬೇಕು. ಕಾರ್ಡಿನ ಉದ್ದ ನಿಮ್ಮ ಕ್ಯಾಬಿನೆಟ್ಟಿಗೆ ಹಿಡಿಸುವುದೇ ಎಂದು ಮನೆಯಲ್ಲೇ ಅಳೆದುಕೊಂಡು ಹೋಗಿ.

ಮರಳುವ ದಾರಿಯಲ್ಲಿ ಮಗನೇ ಮತ್ತೆ ಆ ಮೆಟ್ಟಿಲು ಹತ್ತಿದ. ಸತ್ತ ಕಾರ್ಡನ್ನು ಸತ್ತದ್ದೆಂದೇ ಹೇಳಿ ಬಿಡಿಭಾಗಕ್ಕೆ ಕೊಟ್ಟ. ಸಿಕ್ಕಿದ್ದು 300 ರೂಪಾಯಿ.

ಸರಕಿನ ಐಬು ಮುಚ್ಚಿಟ್ಟು ಮಾರಿದರೆ, ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎನ್ನುತ್ತದೆ ನಮ್ಮ ಫಿಕ್‌ಹ್. ಇದಕ್ಕೆ 'ಖಿಯಾರುಲ್ ಐಬ್' ಎಂದು ಹೆಸರು. ಮದ್ರಸಾದ ಪಾಠಗಳಲ್ಲಿ ಇದಕ್ಕೆ ಒಂಟೆ, ಕುದುರೆಗಳ ಉದಾಹರಣೆ ಬರುತ್ತದೆ. ಎಸ್.ಪಿ. ರಸ್ತೆಯಲ್ಲಿ ಅದೇ ಪಾಠ ಗ್ರಾಫಿಕ್ಸ್ ಕಾರ್ಡಿಗೂ ಅನ್ವಯಿಸುತ್ತದೆ. ನೀವು ಅಲ್ಲಿಗೆ ಹೋದರೆ ಬೆಲೆ ಕೇಳುವ ಮೊದಲು ಐಬು ಕೇಳಿ, ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.